ಗುಡ್ಡದೊಳಗಿನ ನೀರು

ಮಳೆಗಾಲದ ದಿನಗಳಲ್ಲಿ ಪತ್ರಿಕೆ ಬಿಡಿಸಿದರೆ ಮಲೆನಾಡು ಕರಾವಳಿಗಳ ಸುದ್ದಿಯಲ್ಲಿ ಒಂದು ವಾಕ್ಯ ತಪ್ಪದೆ ಕಣ್ಣಿಗೆ ಬೀಳುತ್ತದೆ: 'ಅತಿವೃಷ್ಟಿಯಿಂದಾಗಿ ಗುಡ್ಡ ಕುಸಿದು ಸಂಚಾರ ಸ್ಥಗಿತಗೊಂಡಿದೆ.' ಈ ವಾಕ್ಯ ನನಗೆ ಬಹಳ ಹಳೆಯ ಪರಿಚಯದ್ದು. ಇದನ್ನು ನಾನೇ ಒಮ್ಮೆ ಕಚೇರಿಯ ವರದಿಯೊಂದರಲ್ಲಿ ಬರೆದು ಕೆಳಗೆ ಸಹಿ ಹಾಕಿದ್ದೇನೆ. ಅದು ಸುಳ್ಳಾಗಿರಲಿಲ್ಲ, ಪೂರ್ತಿ ನಿಜವೂ ಆಗಿರಲಿಲ್ಲ. ಅದರಲ್ಲಿ ನಾನು ಬರೆಯದೆ ಬಿಟ್ಟ ಅರ್ಧವನ್ನು ಕುರಿತು ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಅದು 1981ನೆಯ ಇಸವಿ. ಕಾಲೇಜು ಬಿಟ್ಟು ಎರಡು ವರ್ಷವಾಗಿದ್ದ ನನ್ನನ್ನು ಮಲೆನಾಡಿನ ಒಂದು ಘಾಟಿ ರಸ್ತೆಯನ್ನು ಅಗಲ ಮಾಡುವ ಕೆಲಸಕ್ಕೆ ಹಾಕಿದ್ದರು. ಊರಿನ ಹೆಸರು ಇಲ್ಲಿ ಬೇಡ. ರಸ್ತೆಯ ಒಂದು ಮಗ್ಗುಲು ಕಮರಿ, ಇನ್ನೊಂದು ಮಗ್ಗುಲು ಕೆಂಪು ಮಣ್ಣಿನ ಧರೆ. ಅಗಲ ಬೇಕೆಂದರೆ ಧರೆಯನ್ನು ಕಡಿಯಬೇಕು. ಓರೆಯಾಗಿ ಕಡಿಯೋಣವೆಂದರೆ ಮೇಲಿನ ಜಮೀನು ಖಾಸಗಿಯವರದು; ಅದನ್ನು ವಶಪಡಿಸಿಕೊಳ್ಳುವ ಕಾಗದಪತ್ರಕ್ಕೆ ವರ್ಷಗಳೇ ಬೇಕು. ಆದ್ದರಿಂದ ಗೋಡೆ ನಿಲ್ಲಿಸಿದ ಹಾಗೆ ನೆಟ್ಟಗೆ, ಸುಮಾರು ಮೂವತ್ತು ಅಡಿ ಎತ್ತರಕ್ಕೆ ಕಡಿಯುವುದೆಂದು ನಿರ್ಧಾರವಾಯಿತು. ನಕ್ಷೆಗೆ ಸಹಿ ಮಾಡಿದವರು ಮೇಲಿನವರು. ಸ್ಥಳದಲ್ಲಿ ನಿಂತು ಕಡಿಸಿದವನು ನಾನು. ಮಣ್ಣು ಕೆಲಸದ ಮೇಸ್ತ್ರಿ ನನ್ನ ತಂದೆಯ ವಯಸ್ಸಿನವರು. ಒಂದು ತಿರುವಿನ ಬಳಿ ಅವರು ಆಳುಗಳನ್ನು ನಿಲ್ಲಿಸಿ, 'ಸಾಹೇಬ್ರೇ, ಇದೊಂದು ಕಡೆ ಬುಡ ಮುಟ್ಟೋದು ಬೇಡ. ಇಲ್ಲಿ ಬೇಸಿಗೆಯಲ್ಲೂ ಒರತೆ ಬತ್ತೋದಿಲ್ಲ, ನೋಡಿ' ಎಂದರು. ನೋಡಿದೆ. ಮಾರ್ಚ್ ತಿಂಗಳ ಬಿಸಿಲಿನಲ್ಲಿಯೂ ಅಲ್ಲಿಯ ಮಣ್ಣು ಬೆವರಿದ ಹಾಗೆ ತೇವವಾಗಿತ್ತು. 'ನಕ್ಷೆಯಲ್ಲಿ ಇರೋ ಹಾಗೇ ಆಗಲಿ, ಮೇಸ್ತ್ರಿ' ಎಂದೆ. ಅವರು ಮತ್ತೆ ಆ ಮಾತನ್ನು ಎತ್ತಲಿಲ್ಲ.

ಮೊದಲನೆಯ ಮಳೆಗಾಲ ಏನೂ ಆಗಲಿಲ್ಲ. ಎರಡನೆಯ ಮಳೆಗಾಲದಲ್ಲಿ, ಜುಲೈ ತಿಂಗಳ ಒಂದು ರಾತ್ರಿ, ಮಳೆ ಇಳಿಮುಖವಾಗಿದ್ದ ಹೊತ್ತಿನಲ್ಲಿ, ಧರೆ ಕುಸಿಯಿತು. ಮೇಲಿದ್ದ ಮನೆಯ ಕೊಟ್ಟಿಗೆ ಮೂರು ದನಗಳ ಸಮೇತ ರಸ್ತೆಗೆ ಬಂದು ಬಿತ್ತು. ಮನೆಯ ಜನ ಉಳಿದರು. ಉಳಿದದ್ದು ಹತ್ತು ಅಡಿಯ ಅಂತರದಲ್ಲಿ. ಬೆಳಗ್ಗೆ ನಾನು ಹೋದಾಗ ಆ ಮನೆಯ ಹಿರಿಯ ಹೆಂಗಸು ನನ್ನನ್ನು ಬೈಯಲಿಲ್ಲ. ಎಂಟು ದಿನದ ಹಿಂದೆಯೇ ಅಂಗಳದಲ್ಲಿ ಬಿರುಕು ಬಿಟ್ಟದ್ದನ್ನು ರಸ್ತೆ ಕೂಲಿಯವನ ಹತ್ತಿರ ಹೇಳಿ ಕಳಿಸಿದ್ದೆನಲ್ಲ ಎಂದಷ್ಟೇ ಕೇಳಿದರು. ಹೇಳಿ ಕಳಿಸಿದ್ದರು. ಮಳೆ ಬಿಡಲಿ ಎಂದು ನಾನು ಹೋಗಿರಲಿಲ್ಲ. ಆ ವಾರ ಬರೆದ ವರದಿಯಲ್ಲಿ ಕಾರಣ ಎಂಬ ಅಂಕಣದೆದುರು 'ಅತಿವೃಷ್ಟಿ' ಎಂದು ಬರೆದೆ.

ಮಳೆಯೊಂದೇ ಕಾರಣವಾಗಿದ್ದರೆ, ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆಯ ಸುತ್ತಣ ಗುಡ್ಡಗಳು ಎಂದೋ ಸಮತಟ್ಟಾಗಿ ಹೋಗಬೇಕಾಗಿತ್ತು. ಅವು ನಿಂತಿವೆ. ಹಾಗಾದರೆ ಗುಡ್ಡವನ್ನು ನಿಲ್ಲಿಸುವುದು ಯಾವುದು, ಬೀಳಿಸುವುದು ಯಾವುದು?

ಸುಗ್ಗಿಯ ಕಾಲದಲ್ಲಿ ಕಣದಲ್ಲಿ ಹಾಕಿದ ಭತ್ತದ ರಾಶಿಯನ್ನು ಬಹಳ ಮಂದಿ ನೋಡಿರುತ್ತೀರಿ. ರಾಶಿ ತನ್ನದೇ ಒಂದು ಓರೆಯಲ್ಲಿ ನಿಲ್ಲುತ್ತದೆ. ಅದಕ್ಕಿಂತ ಕಡಿದಾಗಿ ನಿಲ್ಲಿಸುತ್ತೇನೆಂದರೆ ನಿಲ್ಲದು. ಅದರ ಬುಡದಿಂದ ಒಂದು ಮೊರ ಭತ್ತ ತೆಗೆದರೆ ಸಾಕು, ನೆತ್ತಿಯಿಂದ ಇಳಿದುಬರುತ್ತದೆ. ಕಾಳು ಕಾಳನ್ನು ಒತ್ತಿಕೊಂಡಿರುವುದರಿಂದ ಹುಟ್ಟುವ ಘರ್ಷಣೆಯೇ ರಾಶಿಯನ್ನು ಹಿಡಿದಿರುವ ಬಲ. ಮಣ್ಣಿನ ಗುಡ್ಡದಲ್ಲಿಯೂ ಮುಖ್ಯವಾದ ಬಲ ಅದೇ. ಜೊತೆಗೆ ಕಣಗಳ ನಡುವಿನ ಅಂಟು ಇಷ್ಟು, ತೇವದ ಹಿಡಿತ ಇಷ್ಟು. ಹೊಳೆಯ ದಡದಲ್ಲಿ ಮಕ್ಕಳು ಮರಳಿನ ಗುಡಿ ಕಟ್ಟುವಾಗ ತೇವದ ಮರಳು ನೆಟ್ಟಗೆ ನಿಲ್ಲುತ್ತದೆ, ಒಣ ಮರಳು ಸುರಿದುಹೋಗುತ್ತದೆ, ನೀರು ತುಂಬಿದ ಮರಳು ಹರಿದೇ ಹೋಗುತ್ತದೆ. ಈ ಮೂರನೆಯ ಸ್ಥಿತಿಯೇ ನಮಗೆ ಬೇಕಾದ ವಿಷಯ.

ನೀರು ಎಣ್ಣೆಯ ಹಾಗೆ ಮಣ್ಣನ್ನು ಜಾರಿಸುತ್ತದೆ ಎಂದು ಸಾಮಾನ್ಯವಾಗಿ ತಿಳಿಯುತ್ತಾರೆ. ಹಾಗಲ್ಲ. ಬಾವಿಯಿಂದ ಕೊಡವನ್ನು ಸೇದುವಾಗ ಅದು ನೀರಿನೊಳಗಿರುವಷ್ಟು ಹೊತ್ತು ಹಗುರ, ನೀರಿನಿಂದ ಮೇಲೆದ್ದೊಡನೆ ಭಾರ. ಒಳಗಿರುವಾಗ ಅದರ ಭಾರದ ಒಂದು ಪಾಲನ್ನು ನೀರು ಹೊತ್ತಿರುತ್ತದೆ. ಗುಡ್ಡದ ಮಣ್ಣಿನ ಸಂದುಗಳಲ್ಲಿ ನೀರು ತುಂಬಿ ಅದಕ್ಕೆ ಒತ್ತಡ ಬಂದಾಗಲೂ ಹೀಗೆಯೇ ಆಗುತ್ತದೆ. ಮೇಲಿನ ಭಾರದ ಒಂದು ಪಾಲನ್ನು ನೀರು ಹೊರುತ್ತದೆ, ಕಣ ಕಣಗಳ ನಡುವಿನ ಒತ್ತು ಸಡಿಲುತ್ತದೆ, ಒತ್ತಿನ ಜೊತೆಗೆ ಘರ್ಷಣೆಯೂ ಇಳಿಯುತ್ತದೆ. ಗುಡ್ಡದ ತೂಕ ಮಾತ್ರ ಕಡಿಮೆಯಾಗಿರುವುದಿಲ್ಲ. ಕೆಳಕ್ಕೆ ಎಳೆಯುವ ಬಲ ಇದ್ದಷ್ಟೇ ಇದೆ, ಹಿಡಿದಿಡುವ ಬಲ ಹೋಗಿದೆ. ಮಣ್ಣಿನ ವಿಜ್ಞಾನಕ್ಕೆ ಅಡಿಗಲ್ಲಾದ ಈ ತತ್ತ್ವವನ್ನು ಲೆಕ್ಕಕ್ಕೆ ತಂದವರು ಕಾರ್ಲ್ ಟೆರ್ಜಾಘಿ. ಮೊದಲ ಮಹಾಯುದ್ಧದ ನಂತರ ಇಸ್ತಾಂಬೂಲಿನ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದ ಅವರು ಕೈಗೆ ಸಿಕ್ಕಿದ ಹಳೆಯ ಸಾಮಾನುಗಳಿಂದಲೇ ಉಪಕರಣ ಕಟ್ಟಿಕೊಂಡು ಪ್ರಯೋಗ ನಡೆಸಿದರು. 1925ರಲ್ಲಿ ವಿಯೆನ್ನಾದಲ್ಲಿ ಗ್ರಂಥ ಪ್ರಕಟಿಸಿದರು. ನಾನು ಈ ಪಾಠವನ್ನು ಓದಿ ಪರೀಕ್ಷೆಯಲ್ಲಿ ಒಳ್ಳೆಯ ಅಂಕವನ್ನೇ ತೆಗೆದುಕೊಂಡಿದ್ದೆ. ಮೇಸ್ತ್ರಿ ತೋರಿಸಿದ ಒರತೆಯೇ ಆ ಪಾಠವೆಂಬುದು ಮಾತ್ರ ಹೊಳೆಯಲಿಲ್ಲ.

ಇದರಿಂದ ಇನ್ನೊಂದು ಸಂಗತಿಯೂ ತಿಳಿಯುತ್ತದೆ. ಬಿದ್ದ ಮಳೆ ಆಳಕ್ಕೆ ಇಳಿಯುವುದಕ್ಕೆ ಹೊತ್ತು ಬೇಕು. ಆದ್ದರಿಂದ ಒಳಗಿನ ಒತ್ತಡ ತುತ್ತತುದಿಗೆ ಏರುವುದು ಮಳೆ ಜೋರಾಗಿರುವಾಗಲೇ ಎಂದೇನೂ ಇಲ್ಲ. ಕೆಲವು ಸಲ ಮಳೆ ನಿಂತ ಮೇಲೆ ಏರುತ್ತದೆ. ಬಿಸಿಲು ಬಿತ್ತು, ಇನ್ನು ಭಯವಿಲ್ಲ ಎಂದು ಜನ ಮನೆಗೆ ಮರಳಿದ ದಿನವೇ ಧರೆ ಕುಸಿಯುವುದು ಇದರಿಂದ.

ನಮ್ಮ ಪಶ್ಚಿಮ ಘಟ್ಟದ, ಕರಾವಳಿಯ ನೆಲಕ್ಕೆ ಅದರದೇ ಆದ ಒಂದು ಗುಣವಿದೆ. ಮೇಲೆ ಜಂಬಿಟ್ಟಿಗೆಯ ಗಟ್ಟಿ ಪದರ. ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ 1807ರ ತನ್ನ ಗ್ರಂಥದಲ್ಲಿ ಈ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟ. ಲ್ಯಾಟಿನ್ ಭಾಷೆಯಲ್ಲಿ ಅದರ ಮೂಲ ಪದಕ್ಕೆ ಇಟ್ಟಿಗೆ ಎಂದೇ ಅರ್ಥ; ನಮ್ಮ ಜಂಬಿಟ್ಟಿಗೆಯಲ್ಲಿಯೂ ಇಟ್ಟಿಗೆ ಇದೆಯಷ್ಟೆ. ಈ ಗಟ್ಟಿ ಪದರದ ಕೆಳಗೆ, ಇನ್ನೂ ಆಳದ ಬಂಡೆಗೆ ಮುಟ್ಟುವ ಮುನ್ನ, ಬಿಳಿ, ಹಳದಿ, ನಸುಗೆಂಪು ಬಣ್ಣಗಳ ನುಣುಪಾದ ಮಣ್ಣೊಂದಿದೆ. ಮಂಗಳೂರಿನ ಕಡೆ ಅದನ್ನು ಶೇಡಿ ಮಣ್ಣೆನ್ನುತ್ತಾರೆ. ಒಣಗಿದ್ದಾಗ ಶೇಡಿ ಬಹಳ ಗಟ್ಟಿ, ಗುದ್ದಲಿಗೂ ಜಗ್ಗದು. ನೀರು ಕುಡಿದರೆ ಬಲವನ್ನು ಬಿಟ್ಟುಕೊಡುತ್ತದೆ. ಜಂಬಿಟ್ಟಿಗೆಯ ತೂತುಗಳಲ್ಲಿ ಮಳೆ ಸಲೀಸಾಗಿ ಇಳಿಯುತ್ತದೆ, ಶೇಡಿಗೆ ಬಂದು ನಿಲ್ಲುತ್ತದೆ. ಬೇಸಿಗೆಯಲ್ಲಿ ಧರೆ ಕಡಿದ ಗುತ್ತಿಗೆದಾರನಿಗೆ, ಅದರೆದುರು ನಿಂತ ಎಂಜಿನಿಯರನಿಗೆ, ಅದು ಕೋಟೆಯ ಗೋಡೆಯಂತೆ ಕಾಣುತ್ತದೆ. ಜುಲೈ ತಿಂಗಳಿನಲ್ಲಿ ಅದು ಬೇರೆಯೇ ಪದಾರ್ಥ.

ನೀರನ್ನು ಹೊರಗೆ ಬಿಡಬೇಕೆಂಬುದು ನಮ್ಮ ಜನಕ್ಕೆ ಗೊತ್ತಿಲ್ಲದ ಸಂಗತಿಯೇನಲ್ಲ. ಮಲೆನಾಡಿನ ಅಡಕೆ ತೋಟದಲ್ಲಿ ಬಸಿಗಾಲುವೆ ಇಲ್ಲದ ತೋಟವುಂಟೆ? ಎರಡು ಸಾಲು ಮರಗಳ ನಡುವೆ ಆಳವಾದ ಕಾಲುವೆ ತೋಡಿ, ಮಳೆಗಾಲಕ್ಕೆ ಮುಂಚೆ ಅದರ ಹೂಳೆತ್ತಿಸಿ, ಬೇರಿನ ಬಳಿ ನೀರು ನಿಲ್ಲದಂತೆ ನೋಡಿಕೊಳ್ಳುತ್ತಾರೆ. ಅದೇ ತೋಟದ ಮೇಲಿನ ಗುಡ್ಡವನ್ನು ನಾವು ಕಡಿದಾಗ ಅದಕ್ಕೊಂದು ಬಸಿಗಾಲುವೆ ಬೇಕೆಂದು ನಮಗೆ ತೋಚುವುದಿಲ್ಲ. ಕಲ್ಲಿನ ತಡೆಗೋಡೆ ಕಟ್ಟುತ್ತೇವೆ. ಅದರಲ್ಲಿ ನೀರು ಸೋರಲು ಬಿಡಬೇಕಾದ ತೂತುಗಳನ್ನು ಅಂದಗೆಡುತ್ತದೆಂದು ಸಿಮೆಂಟಿನಿಂದ ಮೆತ್ತಿದ್ದನ್ನು ನಾನೇ ಕಂಡಿದ್ದೇನೆ. ಅಂಥ ಗೋಡೆ ಮಣ್ಣನ್ನು ತಡೆಯುವ ಬದಲು ನೀರಿಗೆ ಅಣೆಕಟ್ಟಾಗುತ್ತದೆ. ಇಂಗುಗುಂಡಿಯ ವಿಷಯವೂ ಹೀಗೆಯೇ. ಬಯಲುಸೀಮೆಯಲ್ಲಿ ಅದು ಪುಣ್ಯದ ಕೆಲಸ. ಕಡಿದಾದ ಗುಡ್ಡದ ನೆತ್ತಿಯಲ್ಲಿ, ಕೆಳಗೆ ಮನೆಗಳಿರುವ ಕಡೆ, ನೀರನ್ನು ಇಂಗಿಸುವ ಮುನ್ನ ಆ ನೀರು ಎಲ್ಲಿ ಹೊರಬರುತ್ತದೆಂದು ಕೇಳಿಕೊಳ್ಳಬೇಕು.

ಈಗ ಇತ್ತೀಚಿನ ಎರಡು ದುರಂತಗಳನ್ನು ನೋಡೋಣ. 2024ರ ಜುಲೈ 16ರಂದು ಉತ್ತರ ಕನ್ನಡದ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿಯಿತು. ಹೆದ್ದಾರಿಯನ್ನು ಅಗಲ ಮಾಡುವಾಗ ಬುಡ ಕಡಿದಿದ್ದ ಗುಡ್ಡ ಅದು. ರಸ್ತೆ ಬದಿಯ ಹೋಟೆಲು, ನಿಂತಿದ್ದ ವಾಹನಗಳು, ಎಲ್ಲವನ್ನೂ ಮಣ್ಣು ಪಕ್ಕದ ಗಂಗಾವಳಿ ನದಿಗೆ ತಳ್ಳಿತು. ಅಷ್ಟು ಮಣ್ಣು ಒಮ್ಮೆಲೇ ಬಿದ್ದ ರಭಸಕ್ಕೆ ನದಿಯ ನೀರು ಎದ್ದು ಆಚೆ ದಡದ ಉಳುವರೆ ಗ್ರಾಮದ ಮನೆಗಳ ಮೇಲೆ ಅಪ್ಪಳಿಸಿತು. ಗುಡ್ಡದ ನೆರಳಿನಲ್ಲಿಯೂ ಇಲ್ಲದ, ಹೊಳೆಯಾಚೆಯ ಮನೆಯಲ್ಲಿ ಜೀವ ಹೋಯಿತೆಂಬುದನ್ನು ನಾನು ಮರೆಯಲಾರೆ. ಸತ್ತವರೂ ಕಾಣೆಯಾದವರೂ ಸೇರಿ ಹತ್ತಕ್ಕೂ ಹೆಚ್ಚು ಜನ. ಕೇರಳದ ಒಬ್ಬ ಲಾರಿ ಚಾಲಕನ ದೇಹ ಲಾರಿಯ ಸಮೇತ ನದಿಯ ತಳದಲ್ಲಿ ಸಿಕ್ಕಿದ್ದು ಸೆಪ್ಟೆಂಬರ್ 25ರಂದು, ಎಪ್ಪತ್ತು ದಿನಗಳು ಕಳೆದ ಮೇಲೆ.

ಎರಡು ವಾರ ಕಳೆಯುವುದರೊಳಗೆ, ಜುಲೈ 30ರ ನಸುಕಿನಲ್ಲಿ, ವಯನಾಡಿನ ಮುಂಡಕೈ, ಚೂರಲ್‌ಮಲೆಗಳು ಕೊಚ್ಚಿಹೋದವು. 250ಕ್ಕೂ ಹೆಚ್ಚು ಜನ ತೀರಿಕೊಂಡರು. ಇದು ಶಿರೂರಿನ ಜಾತಿಯ ಕುಸಿತವಲ್ಲ, ಮತ್ತು ಇದನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು. ಅದು ಕಡಿದ ಧರೆಯಲ್ಲಿ ಹುಟ್ಟಲಿಲ್ಲ. ಎತ್ತರದ ಬೆಟ್ಟದ ಇಳಿಜಾರಿನಲ್ಲಿ ಹುಟ್ಟಿ, ಮಣ್ಣು, ಬಂಡೆ, ಮರಗಳನ್ನು ಕಲಸಿಕೊಂಡು ಹೊಳೆಯ ಪಾತ್ರದಲ್ಲಿ ಸುಮಾರು 8 ಕಿಲೋಮೀಟರ್ ಹರಿಯಿತು. ನಾವು ಎಲ್ಲವನ್ನೂ ಭೂಕುಸಿತ ಎಂದುಬಿಡುತ್ತೇವೆ. ಕೊಡಗಿನವರು ಬರೆ ಕುಸಿತ ಎನ್ನುವುದು, ನಾವು ಧರೆ ಕುಸಿತ ಎನ್ನುವುದು ಒಂದು ಬಗೆ. ಹೀಗೆ ಹರಿದುಬರುವುದು ಇನ್ನೊಂದು ಬಗೆ. ಮಲಯಾಳಿಗಳು ಅದನ್ನು ಉರುಳ್‌ಪೊಟ್ಟಲ್ ಎಂದು ಬೇರೆಯಾಗಿಯೇ ಹೆಸರಿಸುತ್ತಾರೆ. 2018ರ ಆಗಸ್ಟಿನಲ್ಲಿ ಕೊಡಗಿನ ಜನ ಸದ್ದು ಕೇಳಿ ಜಲಸ್ಫೋಟವೆಂದದ್ದು ಇದಕ್ಕೆ ಹತ್ತಿರದ ಮಾತು. ಹೆಸರು ಬೇರೆಯಾಗಿದ್ದರೆ ಎಚ್ಚರವೂ ಬೇರೆಯಾಗಿರುತ್ತದೆ. ಧರೆ ಕುಸಿದರೆ ಅಪಾಯ ಅದರ ಬುಡದಲ್ಲಿ ಮತ್ತು ಮೇಲಿನ ಅಂಚಿನಲ್ಲಿ. ಉರುಳ್‌ಪೊಟ್ಟಲಿನಲ್ಲಿ ಅಪಾಯ ಮೈಲುಗಟ್ಟಲೆ ಕೆಳಗಿನ ಹಳ್ಳದ ದಂಡೆಯಲ್ಲಿ, ಬೆಟ್ಟವೇ ಕಾಣದ ಕಡೆ. ಮುಂಡಕೈಯಲ್ಲಿ 1984ರಲ್ಲಿಯೂ ಇಂಥದೇ ಕುಸಿತದಿಂದ ಜನ ಸತ್ತಿದ್ದರು. ಹಳ್ಳ ತನ್ನ ಹಳೆಯ ದಾರಿಯನ್ನು ಮರೆತಿರಲಿಲ್ಲ. ಆ ದಿನದ ಮಳೆಯನ್ನು ಪರಿಶೀಲಿಸಿದ ಅಂತರರಾಷ್ಟ್ರೀಯ ವಿಜ್ಞಾನಿಗಳ ತಂಡವೊಂದು, ಭೂಮಿ ಬಿಸಿಯಾಗಿರುವುದರಿಂದ ಅಂಥ ಮಳೆಯ ಬಿರುಸು ಸುಮಾರು ಶೇಕಡ 10ರಷ್ಟು ಹೆಚ್ಚಿದೆ ಎಂದು ಅಂದಾಜು ಮಾಡಿತು. ಅಂದಮೇಲೆ ಅತಿವೃಷ್ಟಿಯ ಮಾತೂ ಸುಳ್ಳಲ್ಲ. ಹಳೆಯ ಮಳೆಗೆ ಹೇಗೋ ತಡೆದುಕೊಂಡಿದ್ದ ಕಡಿತಗಳು ಇನ್ನು ಮುಂದೆ ತಡೆಯುತ್ತವೆಂದು ನಂಬುವಂತಿಲ್ಲ.

ಇದಕ್ಕೆ ಮದ್ದುಂಟೆ ಎಂದು ಕೇಳಿದರೆ, ಒಂದು ಊರು ಅದನ್ನು ಮಾಡಿ ತೋರಿಸಿದೆ ಎಂದು ಹೇಳಬಲ್ಲೆ. ಹಾಂಗ್‌ಕಾಂಗ್ ಗುಡ್ಡಗಳ ಊರು; ಬಿಸಿಲು ಮಳೆಗಳಿಗೆ ಆಳದವರೆಗೆ ಶಿಥಿಲವಾದ ಬಂಡೆ, ಚಂಡಮಾರುತದ ಮಳೆ, ಇಳಿಜಾರಿಗೆ ಅಂಟಿಕೊಂಡ ಮನೆಗಳು. 1972ರ ಜೂನ್ 18ರ ಒಂದೇ ದಿನ ಅಲ್ಲಿ ಎರಡು ಕಡೆ ಕುಸಿದು, ಒಂದರಲ್ಲಿ 71, ಇನ್ನೊಂದರಲ್ಲಿ 67 ಜನ ಸತ್ತರು. 1976ರಲ್ಲಿ ಸೌ ಮೌ ಪಿಂಗ್ ಎಂಬ ಅದೇ ಬಡಾವಣೆಯಲ್ಲಿ ಮತ್ತೆ ಕುಸಿದು 18 ಜನ ಹೋದರು. ಎರಡನೆಯ ಸಲದ ಅವಮಾನ ಅವರನ್ನು ಎಬ್ಬಿಸಿತೆಂದು ಕಾಣುತ್ತದೆ. 1977ರಲ್ಲಿ ಇಳಿಜಾರುಗಳಿಗಾಗಿಯೇ ಒಂದು ಸರಕಾರಿ ಕಚೇರಿ ಹುಟ್ಟಿತು. ಮನುಷ್ಯ ಕಡಿದ ಅಥವಾ ತುಂಬಿಸಿದ ಪ್ರತಿಯೊಂದು ಇಳಿಜಾರನ್ನೂ ಅವರು ಪಟ್ಟಿ ಮಾಡಿದರು. ಇಂದು ಆ ಪಟ್ಟಿಯಲ್ಲಿ ಸುಮಾರು 60,000 ಇಳಿಜಾರುಗಳಿವೆ. ನಮ್ಮಲ್ಲಿ ಮನೆಗೆ ನಂಬರು ಇರುವ ಹಾಗೆ ಅಲ್ಲಿ ಧರೆಗೆ ನಂಬರು. ಯಾವ ಧರೆಯನ್ನು ಯಾರು ನೋಡಿಕೊಳ್ಳಬೇಕೆಂಬುದು ಲಿಖಿತವಾಗಿದೆ. ಹೊಸದಾಗಿ ಕಡಿಯುವವನು ಲೆಕ್ಕ ತೋರಿಸಿ ಒಪ್ಪಿಗೆ ಪಡೆಯಬೇಕು. ಅಪಾಯದವುಗಳಿಗೆ ಮೆಟ್ಟಿಲು ಕಡಿದರು, ಉಕ್ಕಿನ ಸಲಾಕೆಗಳನ್ನು ಮಣ್ಣಿನೊಳಕ್ಕೆ ಹೂಡಿ ಹೊಲಿದರು, ಒಳಗಿನ ನೀರು ಬಸಿದುಹೋಗಲು ತೂತಿನ ಕೊಳವೆಗಳನ್ನು ಅಡ್ಡಲಾಗಿ ತೂರಿಸಿದರು. ಮಳೆಯ ಪ್ರಮಾಣ ಒಂದು ಮಿತಿ ದಾಟಿದೊಡನೆ ಕುಸಿತದ ಎಚ್ಚರಿಕೆಯನ್ನು ರೇಡಿಯೋದಲ್ಲಿ ಹೇಳುತ್ತಾರೆ. ಮಳೆ ಅಲ್ಲಿ ಕಡಿಮೆಯಾಗಿಲ್ಲ. ಆದರೆ ಕುಸಿತದಿಂದ ಒಂದು ಸಾವೂ ಇಲ್ಲದ ವರ್ಷಗಳು ಈಗ ಅನೇಕ.

ನಮ್ಮಲ್ಲಿಯೂ ಏನೂ ನಡೆದಿಲ್ಲವೆಂದರೆ ಅನ್ಯಾಯವಾದೀತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಕುಸಿತದ ಸಂಭವವಿರುವ 4.3 ಲಕ್ಷ ಚದರ ಕಿಲೋಮೀಟರ್ ಪ್ರದೇಶದ ನಕ್ಷೆಯನ್ನು ಸಿದ್ಧಗೊಳಿಸಿದೆ. ಶಿರೂರಿನ ದುರಂತಕ್ಕೆ ಮೂರು ದಿನಗಳ ತರುವಾಯ, 2024ರ ಜುಲೈ 19ರಂದು, ಕೋಲ್ಕತ್ತೆಯಲ್ಲಿ ಮುನ್ಸೂಚನೆಯ ಕೇಂದ್ರವೊಂದನ್ನು ತೆರೆಯಿತು. ವಯನಾಡಿನ ದುರಂತಕ್ಕೆ ಸರಿಯಾಗಿ ಒಂದು ವರ್ಷ ತುಂಬಿದ ದಿನ, 2025ರ ಜುಲೈ 30ರಂದು, ಶ್ರೀಹರಿಕೋಟೆಯಿಂದ ನಿಸಾರ್ ಉಪಗ್ರಹ ಮೇಲೇರಿತು. ನಾಸಾ ಮತ್ತು ಇಸ್ರೋ ಕೂಡಿ ಕಟ್ಟಿದ ಈ ಉಪಗ್ರಹದ ರೇಡಾರ್ ಹನ್ನೆರಡು ದಿನಗಳಿಗೊಮ್ಮೆ ಅದೇ ಕೋನದಿಂದ ಅದೇ ನೆಲವನ್ನು ನೋಡಿ, ಎರಡು ನೋಟಗಳ ನಡುವೆ ನೆಲ ಬೆರಳಗಲಕ್ಕಿಂತ ಕಡಿಮೆ ಸರಿದಿದ್ದರೂ ಕಂಡುಹಿಡಿಯಬಲ್ಲದು. ಅದರ ಎರಡು ಅಲೆಗಳಲ್ಲಿ ಉದ್ದನೆಯದು ಸುಮಾರು 24 ಸೆಂಟಿಮೀಟರಿನದಾದ್ದರಿಂದ ಎಲೆ ಕೊಂಬೆಗಳ ಮರೆಯಲ್ಲಿಯೂ ನೆಲವನ್ನು ಮುಟ್ಟಬಲ್ಲದು. ನಮ್ಮ ಘಟ್ಟದ ಕಾಡಿಗೆ ಬೇಕಾದದ್ದು ಇದೇ. ಆದರೆ ತಿಂಗಳುಗಟ್ಟಲೆ ತೆವಳುವ ಗುಡ್ಡವನ್ನು ಅದು ತೋರಿಸೀತೇ ಹೊರತು, ಒಂದೇ ರಾತ್ರಿಯ ಮಳೆಗೆ ಒಮ್ಮೆಲೇ ಕಳಚಿಕೊಳ್ಳುವ ಗುಡ್ಡವನ್ನಲ್ಲ. ಉಪಗ್ರಹ ಬಂತು, ಇನ್ನು ನಾವು ಮಲಗಬಹುದು ಎಂದುಕೊಳ್ಳಬಾರದು.

ನನಗೆ ಇದಕ್ಕಿಂತ ಹೆಚ್ಚು ಮೆಚ್ಚುಗೆಯಾದದ್ದು ವಯನಾಡಿನದೇ ಇನ್ನೊಂದು ಪ್ರಯತ್ನ. ಕಲ್ಪೆಟ್ಟದ ಹ್ಯೂಮ್ ಕೇಂದ್ರ ಎಂಬ ಒಂದು ಖಾಸಗಿ ಸಂಸ್ಥೆ ಜಿಲ್ಲೆಯ ಉದ್ದಗಲಕ್ಕೆ ಸುಮಾರು 200 ಮಳೆಮಾಪಕಗಳನ್ನು ಇರಿಸಿ ದಿನದಿನದ ಲೆಕ್ಕವನ್ನು ಕೂಡಿಸುತ್ತದೆ. ಒಂದು ಬೆಟ್ಟದ ಈ ಮಗ್ಗುಲಿಗೂ ಆ ಮಗ್ಗುಲಿಗೂ ಮಳೆ ಎಷ್ಟು ಬೇರೆ ಎಂಬುದು ಘಟ್ಟದವರಿಗೆಲ್ಲ ಗೊತ್ತು. ಜಿಲ್ಲೆಗೊಂದು ಮಾಪಕವಿಟ್ಟರೆ ಪ್ರಯೋಜನವಿಲ್ಲ. ದುರಂತದ ಹಿಂದಿನ ದಿನವೇ ಈ ಲೆಕ್ಕವನ್ನು ನೋಡಿ ಅವರು ಮುಂಡಕೈಯ ಕಡೆ ಕುಸಿತವಾಗಬಹುದೆಂದು ಎಚ್ಚರಿಸಿದ್ದರು. ಮಾಪಕಕ್ಕೆ ಬೇಕಾದದ್ದು ಒಂದು ಆಲಿಕೆ, ಒಂದು ಪಾತ್ರೆ, ಒಂದು ಅಳತೆಯ ಗಾಜು, ಮತ್ತು ಬೆಳಗ್ಗೆ ಎಂಟೂವರೆಗೆ ತಪ್ಪದೆ ಬರೆದಿಡುವ ಒಬ್ಬ ಮನುಷ್ಯ. ನಮ್ಮ ಕಾಫಿ ತೋಟಗಳಲ್ಲಿ ಅಜ್ಜನ ಕಾಲದ ಮಳೆ ಪುಸ್ತಕಗಳು ಎಷ್ಟು ಮನೆಗಳಲ್ಲಿ ಇಲ್ಲ? ಅವನ್ನು ಕೂಡಿಸಿ ಓದುವ ಒಂದು ಮೇಜು ಮಾತ್ರ ಬೇಕು.

ಗುಡ್ಡದ ಬುಡದಲ್ಲೋ ಅಂಚಿನಲ್ಲೋ ಮನೆಯಿರುವ ಕೇಳುಗರಿಗೆ ಇನ್ನೊಂದು ಮಾತು. ಧರೆಯ ಮೇಲ್ಗಡೆ ನೆಲದಲ್ಲಿ ಬಿಲ್ಲಿನಾಕಾರದ ಬಿರುಕು ಬಿಟ್ಟರೆ, ನೆಟ್ಟಗಿದ್ದ ಮರ ಅಥವಾ ಕಂಬ ವಾಲಿದರೆ, ಇದ್ದಕ್ಕಿದ್ದಂತೆ ಬಾಗಿಲು ಬಿಗಿದು ಮುಚ್ಚದೆ ಹೋದರೆ, ತಿಳಿಯಾಗಿದ್ದ ಒರತೆ ಕೆಂಪಗೆ ಬಂದರೆ, ಸುರಿಯುವ ಮಳೆಯಲ್ಲಿ ಹಳ್ಳದ ನೀರು ಒಮ್ಮೆಲೇ ಇಳಿದುಹೋದರೆ, ಅಲ್ಲಿ ನಿಲ್ಲಬೇಡಿ. ಹಳ್ಳ ಇಳಿಯಿತೆಂದರೆ ಮೇಲೆಲ್ಲೋ ಮಣ್ಣು ಅಡ್ಡ ಬಿದ್ದು ನೀರನ್ನು ಕಟ್ಟಿದೆ ಎಂದು ಅರ್ಥವಾಗಬಹುದು. ಬಿರುಕಿಗೆ ಆ ಕೂಡಲೆ ಜೇಡಿಮಣ್ಣು ತುಂಬಿ, ಮಳೆನೀರು ಒಳಗಿಳಿಯದಂತೆ ಮೇಲೆ ಹಾಳೆ ಹೊದಿಸುವುದು ಒಳ್ಳೆಯದು. ಆದರೆ ಅದನ್ನು ಮಾಡಲು ಮಳೆಯ ನಡುವೆ ಅಲ್ಲಿಗೆ ಹೋಗುವುದು ಒಳ್ಳೆಯದಲ್ಲ. ಹೇಳಿ ಕಳಿಸಿದ ಮಾತು ತಲುಪಬೇಕಾದವರನ್ನು ತಲುಪಿತೋ ಇಲ್ಲವೋ ಎಂದು ಎರಡನೆಯ ಸಲವೂ ವಿಚಾರಿಸಿ. ಇದನ್ನು ಯಾಕೆ ಹೇಳುತ್ತೇನೆಂದು ನಿಮಗೆ ತಿಳಿದಿದೆ.

ಕಳೆದ ಬೇಸಿಗೆಯಲ್ಲಿ ಆ ಘಾಟಿ ರಸ್ತೆಯಲ್ಲಿ ಹಾದುಹೋಗುವ ಸಂದರ್ಭ ಬಂತು. ತಿರುವಿನಲ್ಲಿ ಕಾರು ನಿಲ್ಲಿಸಿ ಇಳಿದೆ. ಮೇಸ್ತ್ರಿಯವರು ತೀರಿಕೊಂಡು ಬಹಳ ವರ್ಷಗಳಾದವು. ಮೇಲಿನ ಮನೆಯವರು ಆಗಲೇ ಆಚೆ ದಿಣ್ಣೆಗೆ ಹೋಗಿ ನೆಲೆಸಿದ್ದರು. ಹಳೆಯ ಅಂಗಳದಲ್ಲಿ ಈಗ ಬಿದಿರು ಬೆಳೆದಿದೆ. ಧರೆಯನ್ನು ಮೂರು ಮೆಟ್ಟಿಲುಗಳಾಗಿ ಕಡಿದು, ಪ್ರತಿ ಮೆಟ್ಟಿಲಿಗೂ ಕಲ್ಲಿನ ಚರಂಡಿ ಕಟ್ಟಿ, ಬುಡದಲ್ಲಿ ಸಾಲಾಗಿ ಕೊಳವೆಗಳನ್ನು ಇಳಿಸಿದ್ದಾರೆ. ಎಣಿಸಿದೆ, ಹನ್ನೊಂದಿದ್ದವು. ಒಂಬತ್ತರಲ್ಲಿ ನೀರು ತೊಟ್ಟಿಕ್ಕುತ್ತಿತ್ತು, ಎರಡು ಒಣಗಿದ್ದವು. ಅಲ್ಲಿದ್ದ ಎಂಜಿನಿಯರ್ ಇನ್ನೂ ಮೂವತ್ತು ದಾಟದ ಹೆಣ್ಣುಮಗಳು. ಆ ಎರಡರ ವಿಷಯ ಕೇಳಿದೆ. 'ಒಳಗೆ ಮಣ್ಣು ಕಟ್ಟಿಕೊಂಡಿದೆ ಸರ್, ಮಳೆಗೆ ಮುಂಚೆ ತೊಳೆಸ್ತೀವಿ' ಎಂದು ತನ್ನ ಪುಸ್ತಕ ತೆರೆದು, ಆ ಎರಡು ಕೊಳವೆಗಳ ನಂಬರುಗಳನ್ನು ಬರೆದುಕೊಂಡದ್ದನ್ನು ತೋರಿಸಿದಳು.